ಪರಿಶೀಲನೆಯಲ್ಲಿದೆ

ವಿನೆಗರ್ ವಾಸನೆ, ಯಾರೋ ಮತ್ತೆ ಚಿಪ್ಸ್ ಪೊಟ್ಟಣವನ್ನು ಮೇಜಿಗೇ ತಂದುಕೊಂಡಿದ್ದಾರೆ, ಕಾಗದ ಬಿಚ್ಚುವ ಚರಪರ, ಮೇಲ್ವಿಚಾರಕಿ ಶೋನಾ ಈಗ ಬೈಯುತ್ತಾಳೆ, ಇಲ್ಲ ಬೈಯಲಿಲ್ಲ, ಸೋಮವಾರವಲ್ಲವೇ, ಶನಿವಾರ ಭಾನುವಾರ ಆನ್‌ಲೈನ್ ಜೂಜಿನಲ್ಲಿ ಗೆದ್ದವರೆಲ್ಲ ದುಡ್ಡು ಕೊಡಿ ದುಡ್ಡು ಕೊಡಿ ಎಂದು ಸಾಲುಗಟ್ಟುವ ದಿನ, ಬೈಯಲಿಕ್ಕೂ ಪುರುಸೊತ್ತಿಲ್ಲ, ಲಿನೆಟ್ ಪರದೆಯಲ್ಲಿ ಹೆಸರುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುತ್ತ ಹೋದಳು, ಲೂಟನ್‌ನ ಟ್ಯಾಕ್ಸಿಯವನು, ಬ್ರಿಸ್ಟಲ್‌ನ ದಾದಿ, ಪ್ರೆಸ್ಟನ್‌ನವನೊಬ್ಬ ಪಾಸ್‌ಪೋರ್ಟಿನ ಬದಲು ನಾಯಿಯ ಫೋಟೋ ಕಳಿಸಿದ್ದಾನೆ, ಕುಡಿದಿದ್ದನೋ ಏನೋ, ಆಮೇಲೆ ಆ ಹೆಸರು. ಕ್ಲೈವ್ ಹೆಪ್ಪಲ್. ಸಂಡರ್‌ಲ್ಯಾಂಡ್. ಹುಟ್ಟಿದ್ದು ಮಾರ್ಚ್ ಒಂಬತ್ತು — ಆವತ್ತು ಅವಳಿಗೆ ಆರು ವರ್ಷ, ಆಸ್ಪತ್ರೆಯ ಗಾಜಿನಾಚೆ ಒಂದು ಕೆಂಪು ಮುಖ, ಅಪ್ಪ ಎತ್ತಿ ತೋರಿಸುತ್ತಿದ್ದಾನೆ, ನೋಡೇ ನಿನ್ನ ತಮ್ಮ, ಥೇಟ್ ಬೀಟ್‌ರೂಟ್ ಇದ್ದಂಗಿದಾನೆ. ಗೆದ್ದಿರುವುದು ಮೂವತ್ತೆಂಟು ಸಾವಿರದ ನಾನೂರು ಪೌಂಡ್. ಸ್ಥಿತಿ: ಪರಿಶೀಲನೆಯಲ್ಲಿದೆ. ಪರಿಶೀಲಿಸುವವರು: ಎಲ್. ಸ್ಟಾಬ್ಸ್. ಅಂದರೆ ಅವಳೇ, ಮದುವೆಯಾಗಿ ಬಂದ ಸ್ಟಾಬ್ಸ್ ಎಂಬ ಹೆಸರು, ಗಂಡ ಬಿಟ್ಟುಹೋದ ಮೇಲೂ ಬಿಟ್ಟುಹೋಗದ ಹೆಸರು, ಈ ಜೂಜಿನ ಕಂಪನಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ ಅವಳು ಹುಟ್ಟಿದ್ದು ಹೆಪ್ಪಲ್ ಎಂದು. ಸಂಬಂಧಿಕರ ಖಾತೆ ಕೈಗೆ ಬಂದರೆ ತಕ್ಷಣ ಮೇಲಿನವರಿಗೆ ಒಪ್ಪಿಸಬೇಕು, ಅದು ನಿಯಮ, ಶೋನಾಳ ಮೇಜು ಹತ್ತು ಹೆಜ್ಜೆ ದೂರದಲ್ಲಿದೆ, ಲಿನೆಟ್ ಕುರ್ಚಿಯಿಂದ ಅರ್ಧ ಎದ್ದಳು, ಎದ್ದವಳು ಹಾಗೇ ನಿಂತಳು, ಮತ್ತೆ ಕೂತಳು.

ಯಾಕೆಂದರೆ ಹೊದಿಕೆಯ ಮೇಲೆ ಅಪ್ಪನ ಆ ಮೂರು ಬೆರಳು, ನಾಲ್ಕು ವರ್ಷವಾದರೂ ಕಣ್ಣಿಂದ ಹೋಗುತ್ತಿಲ್ಲ, ತೋರುಬೆರಳು ನಡುಬೆರಳು ಉಂಗುರದ ಬೆರಳು, ಒತ್ತುತ್ತವೆ ಬಿಡುತ್ತವೆ ಒತ್ತುತ್ತವೆ, ಅಪ್ಪ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದಾನೆ ಇಲ್ಲದ ಕಾರ್ನೆಟ್ಟನ್ನು. ತುತ್ತೂರಿಯ ಗಿಡ್ಡ ತಮ್ಮನಂಥ ವಾದ್ಯ, ಗಣಿಯ ಹಿತ್ತಾಳೆ ವಾದ್ಯದ ತಂಡ ಅವನಿಗೆ ಹದಿನಾರು ತುಂಬಿದಾಗ ಕೈಗೆ ಕೊಟ್ಟಿದ್ದು, ಕಲ್ಲಿದ್ದಲ ಧೂಳು ಶ್ವಾಸಕೋಶ ತಿಂದು ಮೆಟ್ಟಿಲು ಹತ್ತಲಾರದವನಾದರೂ ಭಾನುವಾರ ಅದನ್ನು ಬಿಚ್ಚಿ ಒರೆಸಿ ಎಣ್ಣೆ ಬಿಟ್ಟು, ಊದಲಿಕ್ಕೆ ಉಸಿರಿಲ್ಲ, ಬೆರಳಾಡಿಸಿ ಇಟ್ಟುಬಿಡುತ್ತಿದ್ದ. ಕೊನೆಯ ಹನ್ನೊಂದು ದಿನ, ಸಾಯುವವರನ್ನು ನೋಡಿಕೊಳ್ಳುವ ಆ ಮನೆಯಲ್ಲಿ, ಕಿಟಕಿಗೆ ಹಳದಿ ಪರದೆ, ಅವನು ಕೇಳಿದ್ದು ಅದೊಂದನ್ನೇ. ಊದಲ್ಲ ಕಣೋ ಕ್ಲೈವ್, ಸುಮ್ನೆ ಕೈಯಲ್ಲಿ ಹಿಡ್ಕೋತೀನಿ. ತರ್ತೀನಪ್ಪಾ, ರಿಪೇರಿಗೆ ಕೊಟ್ಟಿದೀನಿ, ಗುಂಡಿ ಸಿಕ್ಕಾಕೊಳ್ತಿತ್ತು, ನಾಳೆ ಬರುತ್ತೆ. ಮರುದಿನ ಮತ್ತೆ, ಬಂತಾ? ನಾಳೆ ಬರುತ್ತೆ. ಅದೂ ಹೇಗೆ ಹೇಳುತ್ತಿದ್ದ, ನಗುನಗುತ್ತಾ, ಅಪ್ಪನ ದಿಂಬು ಸರಿಮಾಡುತ್ತಾ, ಅವಳೂ ನಂಬಿದ್ದಳು, ಅವಳೇ ಅಪ್ಪನಿಗೆ ಹೇಳಿದ್ದಳು ಇವತ್ತೊಂದಿನ ತಡ್ಕೋ. ಹನ್ನೆರಡನೆಯ ಬೆಳಿಗ್ಗೆ ಬೆರಳು ನಿಂತವು. ತಂಡದವರು ಬಂದರು, ನಿಮ್ಮಪ್ಪ ವಿಲ್ಫ್‌ನ ಶವಪೆಟ್ಟಿಗೆಯ ಮೇಲೆ ಅವನ ಕಾರ್ನೆಟ್ ಇಡೋಣಮ್ಮ, ಎಲ್ಲರಿಗೂ ಹಾಗೇ ಮಾಡ್ತೀವಿ, ಅವಳು ಅಟ್ಟ ಹತ್ತಿ ಹುಡುಕಿದರೆ ವಾದ್ಯದ ಕರೀ ಪೆಟ್ಟಿಗೆ ಅಲ್ಲೇ ಇದೆ, ಎತ್ತಿದರೆ ಭಾರವೂ ಇದೆ, ಅಬ್ಬ ಸದ್ಯ ಎಂದು ತೆರೆದಳು, ಒಳಗೆ ಹಳೇ ಟವೆಲಿನಲ್ಲಿ ಸುತ್ತಿದ ಎರಡು ಡಬ್ಬಿ ಬೇಯಿಸಿದ ಬೀನ್ಸ್. ತೂಕ ನೋಡಿ ಇಟ್ಟಿದ್ದಾನೆ. ಅಪ್ಪ ಹಾಸಿಗೆ ಹಿಡಿದು ಭಾನುವಾರದ ಒರೆಸುವಿಕೆಯೂ ನಿಂತ ಮೇಲೆ, ಸಾಯುವುದಕ್ಕೆ ಎರಡು ತಿಂಗಳ ಮೊದಲೇ, ಕಾರ್ನೆಟ್ ಸೇತುವೆ ಹತ್ತಿರದ ಗಿರವಿ ಅಂಗಡಿಗೆ ಹೋಗಿತ್ತಂತೆ, ಅಲ್ಲಿಂದ ಇನ್ನಾರಿಗೋ, ಆ ದುಡ್ಡು ಅದೇ ಬೀದಿಯ ಜೂಜಿನ ಯಂತ್ರದ ಬಾಯಿಗೆ, ಇಪ್ಪತ್ತು ನಿಮಿಷವೂ ಹಿಡಿದಿರಲಿಲ್ಲ. ಕಳ್ಳತನವನ್ನು ಕ್ಷಮಿಸಬಹುದಿತ್ತೇನೋ. ಆ ಟವೆಲನ್ನು ಕ್ಷಮಿಸಲಾಗಲಿಲ್ಲ, ಆ ನಾಳೆ ಬರುತ್ತೆಯನ್ನು. ಮಣ್ಣು ಹಾಕಿ ಬಂದ ದಿನ ಬಾಗಿಲಲ್ಲಿ ನಿಂತು ಹೇಳಿದ್ದಳು, ನಿನ್ನ ಮುಖ ನಂಗೆ ತೋರಿಸ್ಬೇಡ. ತೋರಿಸಿರಲಿಲ್ಲ.

ಈಗ ತೋರಿಸುತ್ತಿದ್ದಾನೆ. ಮಂಗಳವಾರ ಅವಳು ಪಾಸ್‌ಪೋರ್ಟು ಕೇಳಿದಳು, ಬಂತು, ಮಸುಕಾಗಿದೆ ಇನ್ನೊಮ್ಮೆ ಎಂದಳು, ಮಸುಕಾಗಿರಲಿಲ್ಲ, ಇನ್ನೊಮ್ಮೆ ಬಂತು. ಗ್ಯಾಸಿನ ಬಿಲ್ಲು ಕೇಳಿದಳು. ಮುಖದ ಪಕ್ಕ ಇವತ್ತಿನ ತಾರೀಖು ಬರೆದ ಕಾಗದ ಹಿಡಿದು ಫೋಟೋ ತೆಗೆದು ಕಳಿಸಿ ಎಂದಳು, ಪರದೆಯ ಮೇಲೆ ಅವಳ ಹೆಸರು ಗ್ರೇಸ್, ಇಲ್ಲಿ ಎಲ್ಲರಿಗೂ ಒಂದೊಂದು ಸುಳ್ಳು ಹೆಸರು, ನಿಮ್ಮ ತಾಳ್ಮೆಗೆ ಧನ್ಯವಾದಗಳು, ಗ್ರೇಸ್. ಫೋಟೋ ಬಂತು, ಗಲ್ಲದ ಕೆಳಗೆ ಕಾಗದ ಹಿಡಿದು ನಿಂತಿದ್ದಾನೆ, ಜೈಲಿಗೆ ಸೇರಿಸಿಕೊಳ್ಳುವಾಗ ತೆಗೆಯುತ್ತಾರಲ್ಲ ಹಾಗೆ, ಮುಂದಲೆ ಬೋಳಾಗಿದೆ, ಹಿಂದೆ ಬರೀ ಗೋಡೆ, ಒಂದು ಮೊಳೆ, ಮೊಳೆಗೆ ಏನೂ ಇಲ್ಲ. ಚೆನ್ನಾಗಿಯೇ ಆಯಿತು. ನಿಲ್ಲು ಹಾಗೇ. ಕಾಗದ ಇನ್ನೂ ಮೇಲೆತ್ತು. ಅವಳಿಗೆ ನಗು ಬಂತು, ನಾಲ್ಕು ವರ್ಷದಲ್ಲಿ ಇಷ್ಟು ಹಗುರಾಗಿ ನಗು ಬಂದಿರಲಿಲ್ಲ, ಮಧ್ಯಾಹ್ನಕ್ಕೆಂದು ತಂದಿದ್ದ ಹ್ಯಾಮ್ ಬ್ರೆಡ್ಡು ಡಬ್ಬಿಯಲ್ಲೇ ಒಣಗಿತು. ಬುಧವಾರ ಅವನು ಬರೆದ, ದಯವಿಟ್ಟು ಬೇಗ ಕೊಡಿ ಮೇಡಂ, ನಮ್ಮ ತಂದೆಗೆ ತುಂಬಾ ಹುಷಾರಿಲ್ಲ, ಸಾಯೋರನ್ನ ನೋಡ್ಕೊಳ್ಳೋ ಮನೇಲಿದಾರೆ, ಅವರಿಗೋಸ್ಕರ ಈ ದುಡ್ಡು. ಓದಿದಳು. ಎದ್ದುಹೋಗಿ ಹೆಂಗಸರ ಕೋಣೆಯ ನಲ್ಲಿಯ ಕೆಳಗೆ ಮಣಿಕಟ್ಟು ಹಿಡಿದು ನಿಂತಳು, ನೀರು ತಣ್ಣಗೆ ಕೊರೆಯುತ್ತಿತ್ತು, ಸತ್ತವನನ್ನೂ ಬಿಡುವುದಿಲ್ಲವಲ್ಲ ಇವನು, ಸತ್ತವನನ್ನು ಎಬ್ಬಿಸಿ ಮತ್ತೆ ಅದೇ ಹಾಸಿಗೆಯಲ್ಲಿ ಮಲಗಿಸಿ ಅಡ ಇಡುತ್ತಿದ್ದಾನಲ್ಲ. ವಾಪಸು ಬಂದು ಬರೆದಳು, ನಿಮ್ಮ ತಂದೆಯವರು ಬೇಗ ಗುಣಮುಖರಾಗಲಿ, ನಿಮ್ಮ ಮೂರು ತಿಂಗಳ ಬ್ಯಾಂಕ್ ವಿವರ ಬೇಕಾಗಿದೆ, ಗ್ರೇಸ್.

ಅವಳಿಗೆ ಗೊತ್ತಿತ್ತು ಏನಾಗುತ್ತದೆಂದು. ಕೆಲಸಕ್ಕೆ ಸೇರಿದ ವಾರವೇ ಶೋನಾ ಹೇಳಿಕೊಟ್ಟಿದ್ದಳು, ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾವು ಯಾರಿಗೂ ಇಲ್ಲ ಅನ್ನಲ್ಲ ಕಣೇ, ನಿಧಾನ ಮಾಡ್ತೀವಿ ಅಷ್ಟೆ, ದುಡ್ಡು ಅವರ ಖಾತೇಲೇ ಕಾಣ್ತಾ ಇರುತ್ತೆ, ಪಕ್ಕದಲ್ಲೇ ಗುಂಡಿ ಇರುತ್ತೆ, ರದ್ದುಮಾಡು ಅಂತ, ಅರ್ಜಿ ರದ್ದು ಮಾಡಿದ್ರೆ ದುಡ್ಡು ಮತ್ತೆ ಆಟಕ್ಕೆ, ಎರಡು ದಿನ ಕಾಯಿಸು, ಅರ್ಧ ಜನ ಒತ್ತುತ್ತಾರೆ, ನಾಲ್ಕು ದಿನ ಕಾಯಿಸು, ಆಮೇಲೆ ನೀನೇನೂ ಕೊಡಬೇಕಾಗೇ ಇಲ್ಲ. ಆ ವರ್ಷಗಳಲ್ಲಿ ಇನ್ನೂ ಆ ಗುಂಡಿ ಇತ್ತು, ಕಾನೂನು ಅದನ್ನು ತೆಗೆಸಿದ್ದು ಆಮೇಲೆ. ಆದರೆ ಕ್ಲೈವ್ ಒತ್ತಲಿಲ್ಲ. ಸೋಮವಾರ ಒತ್ತಲಿಲ್ಲ ಮಂಗಳವಾರ ಒತ್ತಲಿಲ್ಲ ಬುಧವಾರವೂ, ಲಿನೆಟ್ ಅವನ ಪುಟವನ್ನು ತೆರೆದು ನೋಡುತ್ತಾಳೆ, ಮುಚ್ಚುತ್ತಾಳೆ, ಇನ್ನೊಬ್ಬರ ಕಡತ ಅರ್ಧ ನೋಡಿ ಮತ್ತೆ ಇವನದು, ಈಗ ಒತ್ತಿರುತ್ತಾನೆ, ಇಲ್ಲ, ಈಗ, ಇಲ್ಲ, ಬೆರಳು ತಾನಾಗಿಯೇ ಹೋಗುತ್ತದೆ, ಬಾಯಿ ಒಣಗುತ್ತದೆ, ಪಕ್ಕದ ಮೇಜಿನ ಹುಡುಗಿ ಕೇಳಿದಳು, ಏನ್ ಲಿನೆಟ್, ನೀನೂ ಆಡ್ತಿದೀಯಾ ಹೇಗೆ. ಹುಚ್ಚು, ಕೆಲಸ ನೋಡು ನಿಂದು.

ಗುರುವಾರ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಬೆಳಿಗ್ಗೆಯಿಂದಲೇ ಹತ್ತಿತ್ತು, ಆಟಗಾರ ಒಳಗಿದ್ದಾನೆ ಎನ್ನುವ ಗುರುತು, ಒಳಗಿದ್ದಾನೆ ಆಡುತ್ತಿಲ್ಲ, ಸುಮ್ಮನೆ ನೋಡುತ್ತ ಕೂತಿದ್ದಾನೆ. ಹನ್ನೊಂದು ಗಂಟೆಗೆ ಬರೆದ. ಗ್ರೇಸ್, ನಿಜ ಹೇಳ್ಬಿಡ್ತೀನಿ, ನಮ್ಮಪ್ಪ ತೀರ್ಕೊಂಡು ನಾಲ್ಕು ವರ್ಷ ಆಯ್ತು, ಸುಳ್ಳು ಹೇಳ್ದೆ, ಕ್ಷಮಿಸಿ, ನೀವು ದಿನಾ ಇಂಥ ಸುಳ್ಳು ಎಷ್ಟೋ ಕೇಳಿರ್ತೀರಿ. ದುಡ್ಡು ಇವತ್ತು ಕೊಡೋಕಾಗದಿದ್ರೂ ಬೇಡ, ಅದಕ್ಕೊಂದು ಬೀಗ ಹಾಕಿ, ರದ್ದುಮಾಡೋ ಗುಂಡಿ ನಂಗೆ ಕಾಣದ ಹಾಗೆ ಮಾಡಿ, ನಿಮ್ಮ ಕೈಲಿ ಆಗುತ್ತಂತೆ, ಯಾರೋ ಹೇಳಿದ್ರು. ಮೂರು ದಿನದಿಂದ ಕೈ ಕಟ್ಕೊಂಡು ಕೂತಿದೀನಿ, ನನ್ನ ನಾನು ಬಲ್ಲೆ, ಇನ್ನು ಆಗಲ್ಲ. ಆಗುತ್ತಿತ್ತು. ಮೂಲೆಯಲ್ಲಿ ಒಂದು ಸಣ್ಣ ಚೌಕ, ಒಮ್ಮೆ ಒತ್ತಿದರೆ ಬೀಗ, ಮುಗಿಯಿತು, ಸೋಮವಾರ ಅವನ ಬ್ಯಾಂಕಿಗೆ ದುಡ್ಡು, ಅವನೊಂದು ಬಾಡಿಗೆ ಮನೆ ಹಿಡಿದಾನು, ಗೋಡೆಯ ಮೊಳೆಗೆ ಏನಾದರೂ ನೇತುಹಾಕಿಯಾನು. ಅವಳ ಬೆರಳು ಚೌಕದ ಹತ್ತಿರ ಹೋಯಿತು, ಹೋಗಿ ಅಲ್ಲಿಯೇ ನಿಂತು ಟವೆಲಿನ ಒರಟು ನೂಲನ್ನು ಮುಟ್ಟಿತು, ಡಬ್ಬಿಗಳ ತಣ್ಣನೆಯ ತಗಡನ್ನು, ಎರಡೇ ಯಾಕೆ, ಮೂರಿಟ್ಟರೆ ಭಾರ ಹೆಚ್ಚಾಯಿತು ಎಂದು ಒಂದನ್ನು ತೆಗೆದಿದ್ದನೇ, ಕೈಯಲ್ಲಿ ತೂಗಿ ನೋಡಿದ್ದನೇ. ಬರೆದಳು. ನಿಮ್ಮ ಮನವಿ ತಲುಪಿದೆ. ನಾಳೆ ಆಗುತ್ತದೆ. ಆ ಎರಡು ಪದ ಬರೆಯುವಾಗ ಎಷ್ಟು ಸಿಹಿಯಾಗಿತ್ತು, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವಷ್ಟು ಸಿಹಿ, ನೋಡಪ್ಪಾ, ಕೇಳಿಸಿತೇ.

ಶುಕ್ರವಾರ ಬೆಳಿಗ್ಗೆ ಶೋನಾ ಬಂದು ಮೇಜಿಗೆ ಸೊಂಟ ಆನಿಸಿದಳು, ಈ ಹೆಪ್ಪಲ್ ಯಾರು, ಐದು ದಿನ ಆಯ್ತಲ್ಲೇ, ಕಾಗದ ಎಲ್ಲ ಸರಿಯಿದ್ರೆ ಸಂಜೆಯೊಳಗೆ ಕೊಟ್ಟುಬಿಡು, ದೂರು ಗೀರು ಅಂತ ಹೋದ್ರೆ ನನ್ನ ತಲೆಗೆ ಬರುತ್ತೆ. ಒಂದೇ ಒಂದು ಪ್ರಶ್ನೆ ಬಾಕಿ ಇದೆ ಶೋನಾ, ಅದಾದ ಮೇಲೆ. ಪ್ರಶ್ನೆ ಅವಳ ಪಟ್ಟಿಯಲ್ಲಿರಲಿಲ್ಲ, ಯಾರ ಪಟ್ಟಿಯಲ್ಲೂ ಇರಲಿಲ್ಲ. ಕೊನೆಯ ಪರಿಶೀಲನೆ, ಗ್ರೇಸ್ ಬರೆದಳು, ನಿಮ್ಮ ತಂದೆಯವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ವಸ್ತು ಯಾವುದು. ಹೇಳಲಿ. ಒಂದು ಸಲ ಆ ಬಾಯಿಂದ ನಿಜ ಬರಲಿ, ಮಾರಿಬಿಟ್ಟೆ ಎಂದು ಬರೆಯಲಿ, ಆ ಕ್ಷಣವೇ ಕೊಡುತ್ತೇನೆ, ಅಪ್ಪನಾಣೆ ಕೊಡುತ್ತೇನೆ, ಪಾವತಿಯ ಗುಂಡಿಯ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿಕೊಂಡೇ ಕಾದಳು. ಹಸಿರು ಚುಕ್ಕೆ ಉರಿಯುತ್ತಿದೆ. ಅವನು ಬರೆಯುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ಬರೆಯುತ್ತಿದ್ದಾನೆ, ನಿಂತಿತು, ಹೊರಗೆ ಪಾರ್ಕಿಂಗಿನಲ್ಲಿ ಕಡಲಕಾಗೆಗಳು ಯಾರದೋ ಬ್ರೆಡ್ಡಿಗೆ ಕಚ್ಚಾಡುತ್ತಿವೆ, ಇಪ್ಪತ್ತು ನಿಮಿಷ, ಅರ್ಧ ಗಂಟೆ, ಆಮೇಲೆ ಬಂತು. ಕಾರ್ನೆಟ್. ರಿಪೇರಿಗೆ ಕೊಟ್ಟಿದೀನಿ, ನಾಳೆ ಬರುತ್ತೆ.

ಕೇಳದೆಯೇ ಹೇಳಿದ್ದಾನೆ, ವಸ್ತು ಯಾವುದು ಎಂದಷ್ಟೇ ಕೇಳಿದ್ದು, ಗುರುತಿಲ್ಲದ ಹೆಂಗಸಿಗೂ ಅದೇ ಸುಳ್ಳು, ನಾಲಿಗೆಗೆ ಅಂಟಿಹೋಗಿದೆ ಸುಳ್ಳು, ಬಾಣವನ್ನು ಪಾವತಿಯಿಂದ ಎಳೆದಳು, ಪರದೆಯ ಮೂಲೆಗೆ ಬಿಸಾಕಿದಳು, ಬರೆದಳು, ಹಾಗಾದರೆ ನಿಮ್ಮ ದುಡ್ಡೂ ನಾಳೆ. ಕಳಿಸಿದಳು. ಎರಡು ನಿಮಿಷಕ್ಕೆ ಸ್ಥಿತಿ ಬದಲಾಯಿತು, ಪರಿಶೀಲನೆಯಲ್ಲಿದೆ ಎಂಬುದು ಹೋಗಿ ರದ್ದಾಗಿದೆ. ಒತ್ತಿದ. ಒತ್ತಿಯೇಬಿಟ್ಟ. ಎದೆಯಲ್ಲಿ ಏನೋ ದಡಕ್ಕನೆ ಎದ್ದು ನಿಂತಿತು, ಗೆದ್ದೆ ಎನ್ನುವಂಥದು, ಅವಳು ಮುಂದಕ್ಕೆ ಬಾಗಿದಳು, ದುಡ್ಡು ಇಳಿಯತೊಡಗಿತು, ತಿರುಗುವ ಚಕ್ರ ಅವಳಿಗೆ ಕಾಣುವುದಿಲ್ಲ, ಅಂಕಿಯಷ್ಟೇ ಕಾಣುತ್ತದೆ, ಒಮ್ಮೆಗೆ ಐದು ಸಾವಿರ, ಯಾರೂ ಹಾಗೆ ಆಡುವುದಿಲ್ಲ, ಸೋಲುವ ಆಸೆಯಿರುವವನು ಮಾತ್ರ, ಇನ್ನೈದು, ಒಮ್ಮೆ ಗೆದ್ದ, ಗೆದ್ದದ್ದನ್ನೂ ಸೇರಿಸಿ ಇಟ್ಟ, ಸಿಗರೇಟು ಹಚ್ಚುವಷ್ಟು ಬಿಡುವನ್ನೂ ಕೊಡುತ್ತಿಲ್ಲ, ನಿಲ್ಲಿಸೋ ಎಂದು ಯಾರೋ ಅಂದರು, ಅವಳೇ, ತುಟಿ ಅಲುಗಿತು ಅಷ್ಟೆ, ಅವನ ಫೋನ್ ನಂಬರು ಕಡತದಲ್ಲೇ ಇದೆ, ಹನ್ನೊಂದು ಅಂಕಿ, ಎತ್ತಿ ಒತ್ತಿದರೆ ಆಯಿತು, ಕ್ಲೈವ್ ನಾನು ಕಣೋ ಎಂದರೆ ಆಯಿತು, ರಿಸೀವರ್ ಕೈಯಲ್ಲಿದೆ, ಆರು ಅಂಕಿ ಒತ್ತಿದ್ದಾಳೆ, ಹದಿನಾಲ್ಕು ಸಾವಿರ, ಏಳನೆಯದು, ಒಂಬತ್ತು ಸಾವಿರ, ರಿಸೀವರ್ ಇಟ್ಟಳು, ಯಾಕೆ ಇಟ್ಟೆ, ಇಡಬೇಕೆಂದೇ ಇಟ್ಟೆ, ಹನ್ನೊಂದು ದಿನ ಕಾದಿದ್ದ ಅಪ್ಪ, ಇವನು ಐದು ದಿನವೂ ಕಾಯಲಾರದವನು, ನಾಲ್ಕು ಸಾವಿರ, ಎಂಟುನೂರು, ಸೊನ್ನೆ.

ಊಟದ ಹೊತ್ತೂ ಆಗಿರಲಿಲ್ಲ. ಶೋನಾ ಹಿಂದಿನಿಂದ ಬಂದು ಹೆಗಲು ತಟ್ಟಿದಳು, ಭೇಷ್ ಕಣೇ, ಪೂರ್ತಿ ವಾಪಸ್ ಬಂತಲ್ಲ, ಈ ತಿಂಗಳ ಬಹುಮಾನ ನಿಂದೇ, ಮೇಜಿನ ಮೇಲೆ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವೊಂದನ್ನು ಇಟ್ಟು ಹೋದಳು. ಲಿನೆಟ್ ಅದನ್ನು ಪಕ್ಕಕ್ಕೆ ಸರಿಸಿದಳು. ಸುಖ ಇನ್ನೂ ಬರಬೇಕಿತ್ತು, ಬರುತ್ತದೆ, ಕಾಯುತ್ತಿದ್ದಾಳೆ, ಕೈಯಾಡಿಸಿದಲ್ಲೆಲ್ಲ ಬರೀ ತಣ್ಣಗಿದೆ, ಆಗ ಚಾಟ್ ಪೆಟ್ಟಿಗೆ ಮಿನುಗಿತು, ಈ ಸಲ ತಡವರಿಸಲಿಲ್ಲ, ಒಂದೇ ಉಸಿರಿಗೆ ಬಂತು. ಈಗ ಸಮಾಧಾನ ಆಯ್ತಾ ನಿಂಗೆ, ಲಿನ್. ಮೇಡಂ ಇಲ್ಲ, ನೀವು ಇಲ್ಲ, ನಿಂಗೆ, ಲಿನ್ ಎಂದು ಕರೆಯುತ್ತಿದ್ದವರು ಇಬ್ಬರೇ, ಒಬ್ಬ ಮಣ್ಣಾಗಿದ್ದಾನೆ. ಹಾಗಾದರೆ ಅರ್ಧ ಗಂಟೆ ಅವನು ಬರೆದು ಅಳಿಸಿದ್ದು ಆ ಪ್ರಶ್ನೆಯಲ್ಲೇ ಅವಳನ್ನು ಗುರುತಿಸಿ, ಹಾಗಾದರೆ ರಿಪೇರಿ ಎಂದದ್ದು ಅವಳಿಗೇ, ತಪ್ಪೊಪ್ಪಿಗೆಯೋ ಮೊರೆಯೋ ಅವಳ ಕೈಗೇ ಕೊಟ್ಟಿದ್ದ, ಅವಳು ನಾಳೆ ಎಂದಿದ್ದಳು. ಏನಾದರೂ ಬರೆಯಬೇಕು. ಕ್ಲೈವ್ ಎಂದು ಬರೆದಳು, ಅಳಿಸಿದಳು, ನಿಮ್ಮ ತಾಳ್ಮೆಗೆ ಎಂದು ಬೆರಳು ತಾನೇ ಹೊರಟಿತು, ಅಳಿಸಿದಳು. ಹೊರಟುಹೋಗೋ. ಇನ್ನು ಆಡಲಿಕ್ಕೆ ಒಂದು ಪೆನ್ನಿಯಿಲ್ಲ ನಿನ್ನ ಹತ್ತಿರ, ಪುಟ ಮುಚ್ಚು, ಎದ್ದು ಹೋಗು. ಹೋಗುತ್ತಿಲ್ಲ. ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ, ಸೊನ್ನೆಯ ಮುಂದೆ ಕೂತಿದ್ದಾನೆ, ಅವಳ ಮುಂದೆ ಕೂತಿದ್ದಾನೆ, ಹಸಿರು ಚುಕ್ಕೆ, ಸಾಸಿವೆ ಕಾಳಿನಷ್ಟು, ಕಣ್ಣು ಮುಚ್ಚಿದರೂ ಇದೆ, ತೆರೆದರೂ ಇದೆ, ಹಸಿರು ಚುಕ್ಕೆ, ಆರುತ್ತಿಲ್ಲ, ಹಸಿರು ಚುಕ್ಕೆ