ನಕ್ಷೆಯಲ್ಲಿಲ್ಲದ ಬಂಡೆ

ನಾನು ನೀರಿನ ಮೇಲೆ ಇಳಿಯುವ ವಿಮಾನ. ೧೯೨೬ರಲ್ಲಿ ಇಂಗ್ಲೆಂಡಿನ ನದಿ ದಡದ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ಚಕ್ರಗಳ ಬದಲು ನನ್ನ ಹೊಟ್ಟೆಯ ಕೆಳಗೆ ಎರಡು ಪುಟ್ಟ ದೋಣಿಗಳನ್ನು ಜೋಡಿಸಿದ್ದರು. ಟಪಾಲು ವಿಮಾನಗಳು ಪೂರ್ವದೇಶಗಳಿಗೆ ಹೋಗುವಾಗ ಎಲ್ಲೆಲ್ಲಿ ಇಳಿಯಬಹುದು ಎಂದು ನೋಡಿ ನಕ್ಷೆ ಬರೆಯುವುದು ನಮ್ಮ ಕೆಲಸ. ನನ್ನನ್ನು ಹಾರಿಸುತ್ತಿದ್ದವನು ಕ್ಯಾಪ್ಟನ್ ಪೆಲ್ಹ್ಯಾಮ್.

ಎರಡು ತಿಂಗಳು ಹಾರಿ ಕಾರವಾರದ ಹತ್ತಿರದ ಒಂದು ಕೊಲ್ಲಿಗೆ ಬಂದೆವು. ಅಲ್ಲಿ ಜಟ್ಟಿ ಹರಿಕಂತ್ರ ಎಂಬ ಮೀನುಗಾರ ಮೂರು ದಿನ ಕ್ಯಾಪ್ಟನ್‌ನನ್ನು ತನ್ನ ದೋಣಿಯಲ್ಲಿ ಕೂರಿಸಿಕೊಂಡು ನೀರಿನ ಆಳ ಅಳೆದು ತೋರಿಸಿದ.

“ಸಾಹೇಬ್ರೇ, ದ್ವೀಪದ ಬಲಕ್ಕೆ ಮಾತ್ರ ಇಳಿಸಬೇಡಿ. ನೀರಿನಡಿಗೆ ಬಂಡೆ ಉಂಟು” ಎಂದ. ಬಂದರಿನ ಗುಮಾಸ್ತ ನಾಡಕರ್ಣಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕ್ಯಾಪ್ಟನ್ ತಲೆಯಾಡಿಸಿ ನಕ್ಷೆಯಲ್ಲಿ ಗುರುತು ಹಾಕಿಕೊಂಡ.

ನಾಲ್ಕನೆಯ ದಿನ ದ್ವೀಪದ ಬಲಬದಿಗೆ ಎದುರಾದ ದಡದಲ್ಲಿ ದೊಡ್ಡ ಅಧಿಕಾರಿಗಳು ಹೆಂಡಿರೊಡನೆ ನೋಡಲು ನಿಂತಿದ್ದರು. ಅವರಿಗೆ ಚೆನ್ನಾಗಿ ಕಾಣಲೆಂದು ಕ್ಯಾಪ್ಟನ್ ನನ್ನನ್ನು ಅಲ್ಲೇ ಇಳಿಸಿದ. ಬಂಡೆಗೆ ತಗುಲಿ ನನ್ನ ಎಡದ ದೋಣಿ ಸೀಳಿಹೋಯಿತು. ಜಟ್ಟಿ ನೀರಿಗೆ ಹಾರಿ, ತನ್ನ ಹಾಯಿಬಟ್ಟೆಯನ್ನೇ ಹರಿದು ತೂತಿಗೆ ತುರುಕಿದ. ನನ್ನನ್ನು ದಡಕ್ಕೆ ಎಳೆದು ತಂದಾಗ ಅವನ ಅಂಗೈ ತುಂಬ ರಕ್ತ.

ಅದೇ ಸಂಜೆ ಕ್ಯಾಪ್ಟನ್ ವರದಿ ಬರೆದ: ಅಂಬಿಗ ತಪ್ಪು ದಾರಿ ತೋರಿಸಿದ. ಆಮೇಲೆ ರಬ್ಬರ್ ತೆಗೆದುಕೊಂಡು ನಕ್ಷೆಯ ಆ ಗುರುತನ್ನು ಉಜ್ಜಿಹಾಕಿದ. ಬಂಡೆ ಇದೆ ಎಂದು ಗೊತ್ತಿದ್ದೂ ಏಕೆ ಇಳಿಸಿದೆ ಎಂದು ಯಾರೂ ಕೇಳಬಾರದಲ್ಲ.

ನಾಡಕರ್ಣಿಯಿಂದ ವಿಷಯ ತಿಳಿದು ಜಟ್ಟಿ ಬಂದ. “ನನ್ನ ಮೇಲೆ ಏನು ಬೇಕಾದರೂ ಬರೀರಿ. ಬಂಡೆ ಒಂದನ್ನ ನಕ್ಷೆಯಲ್ಲಿ ಇಡಿ. ಮುಂದೆ ಬರುವವರಿಗೆ ಹೇಳುವವರು ಯಾರು?”

“ಇವನನ್ನು ಆಚೆ ಕಳಿಸು” ಎಂದು ಕ್ಯಾಪ್ಟನ್ ನಾಡಕರ್ಣಿಗೆ ಹೇಳಿದ. ವಾರದೊಳಗೆ ಕ್ಯಾಪ್ಟನ್ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಅಲ್ಲಿ ಅವನಿಗೆ ಪದಕ ಕೊಟ್ಟರಂತೆ. ಬಿಡಿಭಾಗ ಬರುತ್ತದೆ ಎಂದು ನನ್ನನ್ನು ಮರಳಿನ ಮೇಲೆ ಬಿಟ್ಟುಹೋಗಿದ್ದ. ಅದು ಬರಲೇ ಇಲ್ಲ.

ಮರುವರ್ಷ ಅವನ ನಕ್ಷೆ ನಂಬಿ ಇನ್ನೊಂದು ವಿಮಾನ ಬಂತು. ಜಟ್ಟಿ ಕೆಂಪು ಬಟ್ಟೆ ಬೀಸುತ್ತ ದೋಣಿಯಲ್ಲಿ ಎದುರು ಹೋದ. ಮೇಲಿದ್ದವರು ಸ್ವಾಗತವೆಂದು ತಿಳಿದು ಕೈ ಬೀಸಿದರು. ವಿಮಾನ ಅದೇ ಬಂಡೆಗೆ ಬಡಿಯಿತು. ಮೂವರು ಸತ್ತರು. ಮೂರು ಹೆಣಗಳನ್ನೂ ಜಟ್ಟಿಯೇ ಎತ್ತಿ ತಂದು ನನ್ನ ರೆಕ್ಕೆಯ ನೆರಳಿನಲ್ಲಿ ಮಲಗಿಸಿದ.

ಈಗ ನನಗೆ ಎಂಜಿನ್ ಇಲ್ಲ, ರೆಕ್ಕೆ ಇಲ್ಲ. ಬಂದರಿನ ಗೋದಾಮಿನ ಹಿಂದೆ ಬಿದ್ದಿದ್ದೇನೆ. ಮುಪ್ಪಿಗೆ ನಾನು ಅಳುವುದಿಲ್ಲ. ಆದರೆ ಸತ್ತವರ ಮನೆಗೆ ಹೋದ ಕಾಗದದಲ್ಲಿ ಬಿರುಗಾಳಿಯಿಂದ ಅಪಘಾತವಾಯಿತು ಎಂದು ಬರೆದಿದ್ದರಂತೆ. ಅದನ್ನು ನಾಡಕರ್ಣಿ ಇಲ್ಲೇ ನಿಂತು ಜಟ್ಟಿಗೆ ಹೇಳಿದ.

ಅಂದು ಬಿರುಗಾಳಿ ಇರಲಿಲ್ಲ. ನಾನು ವಿಮಾನ. ಗಾಳಿ ಎಂದರೇನೆಂದು ನನಗೆ ಗೊತ್ತು.