ಹೊಗೆಗೂಡು ಹೇಳಿದ ಸುಳ್ಳು

ಡೂಗಿ ಪ್ರೆಂಟಿಸ್ ಅಡುಗೆಮನೆಯಲ್ಲಿ ಬಿದ್ದಾಗ ಒಲೆ ಆಗಲೇ ಚೆನ್ನಾಗಿ ಹತ್ತಿಕೊಂಡಿತ್ತು. ಅವನ ಗ್ರಹಚಾರವೆಂದರೆ ಅದೇ. ಒಲೆ ಹಚ್ಚುವ ಮೊದಲೇ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಅರ್ಧ ಬೀದಿ ಬಂದು ಬಾಗಿಲು ಬಡಿಯುತ್ತಿತ್ತು.

ಆ ಬೀದಿಯ ರೂಢಿಯೇ ಹಾಗೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಪ್ರಾಯದವರು ಗ್ರೇಮೌತ್ ಪೇಟೆಗೋ ಆಸ್ಟ್ರೇಲಿಯಾಕ್ಕೋ ಹೋದರು, ಉಳಿದವರು ಒಂಟಿ ಮುದುಕ ಮುದುಕಿಯರು. ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಎದುರುಮನೆಯ ಹೊಗೆಗೂಡನ್ನು. ಹೊಗೆ ಎದ್ದಿದೆಯೋ, ಮನೆಯವರೂ ಎದ್ದಿದ್ದಾರೆ. ಶಾಲೆಯ ಬಸ್ಸು ಹೋಗುವ ಹೊತ್ತಿಗೂ ಏಳಲಿಲ್ಲವೋ, ಯಾರಾದರೊಬ್ಬರು ಹೋಗಿ ಕದ ತಟ್ಟಬೇಕು. ಸಂಬಳ ಕೇಳದ ಇಂಥ ಕಾವಲುಗಾರ ಇನ್ನೆಲ್ಲಿ ಸಿಕ್ಕಾನು? ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಮಾತೇನೋ ಸರಿ. ಆದರೆ ಆ ಬೆಂಕಿಯ ಪಕ್ಕದಲ್ಲಿರುವವನು ನಿಂತಿದ್ದಾನೋ ಬಿದ್ದಿದ್ದಾನೋ ಎಂದು ಹೊಗೆ ಹೇಳುವುದಿಲ್ಲವಲ್ಲ.

ಬಿದ್ದದ್ದು ಇದ್ದಲ ಬಕೆಟ್ಟು ಎಡವಿ. ಎಡ ಸೊಂಟದಲ್ಲಿ ಏನೋ ಲಟಕ್ಕೆಂದಿತು. ನೋವು ಎಷ್ಟಿತ್ತೆಂದರೆ, ಸ್ವಲ್ಪ ಹೊತ್ತು ಉಸಿರಿನ ಚಿಂತೆಯೇ ಅವನಿಗೆ ಮರೆತುಹೋಯಿತು. ನೋವು ತುಸು ತಗ್ಗಿದ ಮೇಲೆ ಉಸಿರು ನೆನಪಾಯಿತು, ನೆನಪಾದದ್ದೇ ಎದೆ ಧಸಕ್ಕೆಂದಿತು.

ಡೂಗಿಗೆ ಎಪ್ಪತ್ತೆಂಟು. ಪ್ರಾಯವನ್ನೆಲ್ಲ ಗಣಿಯೊಳಗೆ ಕಳೆದವನು. "ಅಗೆದ ಇದ್ದಲಲ್ಲಿ ಅರ್ಧ ಕಂಪನಿಗೆ ಕೊಟ್ಟೆ, ಅರ್ಧ ಎದೇಲಿ ಇಟ್ಕೊಂಡು ಮನೆಗೆ ತಂದೆ" ಎಂದು ಪಬ್ಬಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಆ ಎದೆಯೇ ಈಗ ಕೈಕೊಟ್ಟಿತ್ತು. ಕೊಲ್ಲುವ ಕಾಯಿಲೆಯಾಗಿದ್ದರೆ ಕೊಂದು ಮುಗಿಸುತ್ತಿತ್ತು. ಇದು ಹಾಗಲ್ಲ, ಬಾಡಿಗೆ ಕೊಡದೆ ಬಿಡಾರ ಹೂಡಿದ ನೆಂಟನ ಹಾಗೆ ವರ್ಷಾನುಗಟ್ಟಲೆ ಕೂತೇ ಇತ್ತು. ಮಲಗುವ ಕೋಣೆಯಲ್ಲಿ ಆಕ್ಸಿಜನ್ ಮಷೀನು, ಅಲ್ಲಿಂದ ಮನೆಯುದ್ದಕ್ಕೂ ಹರಿದಾಡುವ ತೆಳು ಕೊಳವೆ, ಅದರ ತುದಿ ಇವನ ಮೂಗಿನಲ್ಲಿ. ಸ್ನಾನಕ್ಕೂ ಊಟಕ್ಕೂ ಅದೇ ಸಂಗಾತಿ.

ಆಕ್ಸಿಜನ್ ಇರುವ ಮನೆಯಲ್ಲಿ ಬೆಂಕಿ ಕೂಡದು. ನರ್ಸ್ ಬ್ರೈಡಿ ಇದನ್ನು ಮೊದಲು ನಯವಾಗಿ ಹೇಳಿದ್ದಳು, ಆಮೇಲೆ ಕರೆಂಟಿನ ಹೀಟರೊಂದನ್ನು ತಂದಿಟ್ಟು ಹೇಳಿದ್ದಳು, ಕೊನೆಗೆ ಮುಖ ಗಂಟುಹಾಕಿಕೊಂಡು ಹೇಳಿದ್ದಳು: "ಇನ್ನೊಂದ್ಸಲ ಒಲೆ ಹಚ್ಚಿದ್ದು ಗೊತ್ತಾದ್ರೆ ನಿಮ್ಮನ್ನ ಇಲ್ಲಿ ಒಬ್ಬರೇ ಇರೋಕೆ ಬಿಡಲ್ಲ. ಗ್ರೇಮೌತಿನ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ನೋಡ್ತೀನಿ, ಅಷ್ಟೇ."

ಡೂಗಿ ತಲೆಯಾಡಿಸಿದ. ಮರುದಿನ ಒಲೆ ಹಚ್ಚಿದ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಹೊಗೆ ಏಳದಿದ್ದರೆ ಜನ ಬರುತ್ತಾರೆ. ಬಂದವರು ಮೂಗಿನ ಕೊಳವೆ ನೋಡುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ, ಸೂಪು ತಂದುಕೊಡುತ್ತಾರೆ. ಗಣಿ ಕುಸಿದಾಗ ಇಬ್ಬರನ್ನು ಹೆಗಲ ಮೇಲೆ ಹೊತ್ತು ತಂದವನು ಊರಿನ ಸೂಪಿಗೆ ಬಾಯಿ ಬಿಡಬೇಕೇ? ಅದಕ್ಕೇ ಬೆಳಿಗ್ಗೆ ಮಷೀನು ಆರಿಸುವುದು, ಕೊಳವೆ ತೆಗೆದಿಡುವುದು, ಉಸಿರು ಬಿಗಿಹಿಡಿದು ಒಲೆ ಹಚ್ಚುವುದು, ಊರಿಗೆಲ್ಲ ಕಾಣುವಷ್ಟು ಹೊಗೆಯಾದ ಮೇಲೆ ಬೆಂಕಿ ಆರಿಸಿ ಮತ್ತೆ ಮಷೀನಿಗೆ ಮರಳುವುದು. ಅಪಾಯವಾದರೆ ಒತ್ತಿ ಸಹಾಯ ಕರೆಯಲೆಂದು ನರ್ಸು ಕೊಟ್ಟ ಕೊರಳಿನ ಗುಂಡಿಯನ್ನು ದನದ ಗಂಟೆ ಎಂದು ಹಂಗಿಸಿ ಕೋಣೆಯ ಮೊಳೆಗೆ ನೇತುಹಾಕಿದ್ದ. ಫೋನು ಕೂಡ ಅಲ್ಲೇ ಮಂಚದ ಬಳಿ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇಂಥವರನ್ನು ನೋಡಿಯೇ.

ಈಗ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕೂಗಲು ಬಾಯಿ ತೆರೆದ. ಬಂದದ್ದು ಬೆಕ್ಕು ಕೆಮ್ಮಿದಂಥ ಸದ್ದು.

ತಲೆಯ ಪಕ್ಕದಲ್ಲೇ ಇದ್ದ ಹೊರಬಾಗಿಲಿನ ಕೆಳಗಿನ ಗಾಜಿನಲ್ಲಿ ಬೀದಿ ಕಾಣುತ್ತಿತ್ತು, ಬೀದಿಯಾಚೆ ನೋಲಾ ಸ್ಕಫಿಲ್‌ಳ ಅಂಗಳ. ಒಂದು ವಾರ ಸುರಿದ ಮಳೆ ಅಂದು ಬಿಟ್ಟಿತ್ತು. ಈ ಕರಾವಳಿಯಲ್ಲಿ ಚಳಿಗಾಲದ ಬಿಸಿಲು ಬಿದ್ದ ದಿನ ಹೆಂಗಸರು ಚರ್ಚನ್ನಾದರೂ ಬಿಟ್ಟಾರು, ಬಟ್ಟೆ ಒಗೆಯುವುದನ್ನು ಬಿಡರು. ನೋಲಾ ತಂತಿಯ ತುಂಬ ಬಿಳಿ ಹಾಸುಬಟ್ಟೆಗಳನ್ನು ಹರವುತ್ತಿದ್ದಳು.

ಡೂಗಿ ಒಲೆ ಕೆದಕುವ ಸಲಾಕೆ ಎಳೆದುಕೊಂಡು ಬಕೆಟ್ಟಿಗೆ ಬಡಿದ. ಠಣ್, ಠಣ್, ಠಣ್.

ನೋಲಾ ತಿರುಗಿದಳು. ಬಾಯಿಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡೇ ತಲೆಯೆತ್ತಿ ಅವನ ಹೊಗೆಗೂಡು ನೋಡಿದಳು. ಹೊಗೆ ನೆಟ್ಟಗೆ ಏಳುತ್ತಿತ್ತು. ಸಮಾಧಾನವಾಯಿತೆಂಬಂತೆ ತಲೆಯಾಡಿಸಿ ಮುಂದಿನ ಬಟ್ಟೆ ಕೊಡವಿದಳು. ಡೂಗಿಯ ಬಕೆಟ್ಟಿನ ಸದ್ದು ಅವಳಿಗೆ ದಿನದಿನದ್ದೇ ತಾನೇ.

"ಅಯ್ಯೋ ಮುದುಕಿ, ನನ್ನ ನೋಡೇ, ಹೊಗೇನಲ್ಲ" ಎಂದು ಡೂಗಿ ಮನಸ್ಸಿನಲ್ಲೇ ಬೈದ.

ಬೈಯುವ ಬಾಯಿ ಅವನಿಗೆ ಎಲ್ಲಿತ್ತು? ಒಂದು ಕಾಲದಲ್ಲಿ ನೋಲಾ ದಿನವೂ ಹತ್ತು ಗಂಟೆಯ ಟೀಗೆ ಈ ಅಡುಗೆಮನೆಗೇ ಬರುತ್ತಿದ್ದಳು. ಇಬ್ಬರೂ ಒಂಟಿ, ಇಬ್ಬರಿಗೂ ಊರಿನವರನ್ನು ಆಡಿಕೊಳ್ಳುವುದೆಂದರೆ ಪ್ರಾಣ. ಕೊನೆಗೊಂದು ದಿನ, ಒಲೆ ಹಚ್ಚುತ್ತಾನಾ ಎಂದು ನರ್ಸು ಕೇಳಿದ್ದಕ್ಕೆ "ಹೂಂ, ದಿನಾ ಹಚ್ತಾನೆ" ಎಂದುಬಿಟ್ಟಳು. ಡೂಗಿ ಅವಳನ್ನು ಚಾಡಿಕೋರಿ ಎಂದ. ಅವಳು, "ನಿನಗೋಸ್ಕರ ಸುಳ್ಳು ಹೇಳೋದಕ್ಕೆ ನಾನೇನು ನಿನ್ನ ಹೆಂಡ್ತಿನಾ?" ಎಂದು ಕಪ್ಪನ್ನು ಅರ್ಧಕ್ಕೇ ಬಿಟ್ಟು ಹೋದಳು. ಅಂದಿನಿಂದ ಮಾತಿಲ್ಲ, ಟೀ ಇಲ್ಲ. ಇರುವುದು ಹೊಗೆಯೊಂದೇ.

ನೋಲಾ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಗ ಡೂಗಿಗೆ ನಿಜವಾಗಿ ಹೆದರಿಕೆಯಾಯಿತು. ಬೆರಳ ತುದಿ ನೀಲಿಗಟ್ಟುತ್ತಿತ್ತು. ಕೋಣೆಗೆ ತೆವಳೋಣವೆಂದು ಮೊಣಕೈ ಊರಿದ; ಸೊಂಟದ ನೋವಿಗೆ ಕಣ್ಣು ಕತ್ತಲಿಟ್ಟಿತು. ಎರಡನೇ ಸಲ ಪ್ರಯತ್ನಿಸಿದಾಗ ವಾಂತಿಯೇ ಆಯಿತು. ಒಳಬಾಗಿಲಾಚೆ ಪಡಸಾಲೆ, ಪಡಸಾಲೆಯಾಚೆ ಕೋಣೆ, ಕೋಣೆಯಲ್ಲಿ ಗಾಳಿ. ಅಷ್ಟು ದೂರ ತನ್ನಿಂದಾಗದು ಎಂಬುದು ಅವನಿಗೆ ಖಚಿತವಾಯಿತು.

ಯಾರಾದರೂ ಬರಬೇಕು. ಬಂದರೆ ಉರಿವ ಒಲೆ ನೋಡುತ್ತಾರೆ. ನೋಡಿದರೆ ಈ ಮನೆ ಹೋಯಿತು. ಗ್ರೇಮೌತಿನ ಹಾಸಿಗೆ, ಪಕ್ಕದಲ್ಲಿ ಮೂರು ಹೊತ್ತೂ ಟಿವಿ ಹಾಕುವ ಇನ್ನೊಬ್ಬ ಮುದುಕ. ಬರದಿದ್ದರೆ ಇಲ್ಲೇ, ಈ ನೆಲದ ಮೇಲೆ, ಹೊಗೆಗೂಡು ಊರಿಗೆಲ್ಲ "ಡೂಗಿ ಆರಾಮಾಗಿದ್ದಾನೆ" ಎಂದು ಸಾರುತ್ತಿರುವಾಗಲೇ ಸಾವು. ಎರಡನ್ನೂ ತೂಗುತ್ತ ಸ್ವಲ್ಪ ಹೊತ್ತು ಮಲಗಿದ್ದ. ಮಾನ ದೊಡ್ಡದೋ ಪ್ರಾಣ ದೊಡ್ಡದೋ ಎಂದು ಕೂತು ಚರ್ಚಿಸುವವರಿಗೆ ಉಸಿರಾಟ ಸರಿಯಾಗಿರುತ್ತದೆ. ಡೂಗಿಗೆ ಗಾಳಿ ಬೇಕಾಗಿತ್ತು.

ಒಲೆಯ ಬದಿಯಲ್ಲಿ ಅವನ ಗಮ್‌ಬೂಟುಗಳು ಒಣಗಲು ನಿಂತಿದ್ದವು. ರಬ್ಬರು.

ರಬ್ಬರು ಸುಟ್ಟರೆ ಹೊಗೆ ಕರ್ರಗೆ ಏಳುತ್ತದೆ. ತೆಂಕಣದ ಗಾಳಿ ನೇರ ನೋಲಾಳ ತಂತಿಯ ಕಡೆಗೇ ಬೀಸುತ್ತಿತ್ತು. ಡೂಗಿ ಸತ್ತರೆ ನೋಲಾ ಬರುವುದು ತಡವಾಗಬಹುದು, ಹಾಸುಬಟ್ಟೆಗೆ ಮಸಿ ಹತ್ತಿದರೆ ತಡವಾಗದು.

ಆದರೆ ಆ ಹೊಗೆಯೇನಾದರೂ ಒಳಕ್ಕೆ ನುಗ್ಗಿದರೆ ಇವನ ಎದೆ ಒಂದು ನಿಮಿಷವೂ ತಡೆಯದು. ಅದೂ ಅವನಿಗೆ ಗೊತ್ತಿತ್ತು.

ಸಲಾಕೆಯ ಕೊಕ್ಕೆಯಿಂದ ಒಲೆಯ ಬಾಗಿಲು ಎಳೆದ. ಕಾವು ಮುಖಕ್ಕೆ ಹೊಡೆಯಿತು. ಒಂದು ಬೂಟನ್ನು ಮೂತಿ ಮುಂದಾಗಿ ಒಳಗೆ ತುರುಕಿದ. ಅರ್ಧ ಹೋಯಿತು, ಅರ್ಧ ಹೊರಗೇ ಉಳಿಯಿತು. ರಬ್ಬರು ಚಟಚಟ ಸಿಡಿಯಿತು. ಕಪ್ಪು ಹೊಗೆ ಒಲೆಯ ಬಾಯಿಂದ ಸುರುಳಿ ಸುರುಳಿಯಾಗಿ ಅಡುಗೆಮನೆಗೇ ಬಂತು. ಡೂಗಿ ಕಣ್ಣು ಮುಚ್ಚಿ, ಉಸಿರು ಕಟ್ಟಿ, ನೆಟ್ಟಗಿದ್ದ ಬಲಗಾಲಿನ ಹಿಮ್ಮಡಿಯಿಂದ ಬೂಟನ್ನು ಒದ್ದ. ಅಲುಗಲಿಲ್ಲ. ಸೊಂಟ ಚೀರಿತು. ಇನ್ನೊಮ್ಮೆ ಒದ್ದ. ಬೂಟು ಮಡಚಿ ಒಳಗೆ ಬಿತ್ತು. ಸಲಾಕೆಯಿಂದ ಬಾಗಿಲು ತಳ್ಳಿ ಮುಚ್ಚಿ, ಹೊರಬಾಗಿಲಿನ ಕೆಳಗಿನ ಸಂದಿಗೆ ಮೂಗು ಒತ್ತಿಕೊಂಡ. ಅಲ್ಲಿಂದ ತಣ್ಣನೆ ಗಾಳಿ ಎಳೆಯಷ್ಟು ಬರುತ್ತಿತ್ತು. ಅದನ್ನೇ ಮಗು ಹಾಲು ಹೀರುವಂತೆ ಹೀರಿದ.

ಎಷ್ಟು ಹೊತ್ತಾಯಿತೋ. ಕಿವಿಯಲ್ಲಿ ರಕ್ತದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವಳು ರೇಡಿಯೊ ಹಾಕಿಕೊಂಡು ಕೂತಿರಬಹುದು. ನಿದ್ದೆ ಹೋಗಿರಬಹುದು. ಅವಳೇ ಬಿದ್ದಿರಬಹುದು! ಅವಳು ಬಿದ್ದರೂ ತಾನು ಅವಳ ಹೊಗೆ ನೋಡಿಯೇ ತೆಪ್ಪಗಿರುತ್ತಿದ್ದೆನಲ್ಲ ಎಂದು ಅವನಿಗೆ ಅನಿಸಿದ್ದು ಆಗಲೇ.

"ಡೂಗೀ! ಏ ಡೂಗಿ! ಏನೋ ಸುಡ್ತಾ ಇದ್ದೀಯ, ನಿನ್ನ ತಲೇನಾ?"

ಚಪ್ಪಲಿಯ ಸದ್ದು ಬೀದಿ ದಾಟಿತು.

"ವಾರದ ಮೇಲೆ ಬಿಸಿಲು ಕಂಡಿದೀವಿ, ಇವತ್ತೇ ಬೇಕಾಗಿತ್ತಾ ನಿನ್ನ ಹೋಮ? ಬೇಕು ಅಂತಲೇ ಮಾಡ್ತಿದ್ದೀಯ, ಗೊತ್ತು ಕಣೋ ನಿನ್ನ ಬುದ್ಧಿ! ಮೂರು ಶೀಟು, ಮೂರೂ ಮಸಿ! ಬಾ ಆಚೆ, ನೀನೇ ಒಗೆದುಕೊಡ್ಬೇಕು!"

ಬಾಗಿಲು ತಳ್ಳಿದಳು. ಅದು ಡೂಗಿಯ ಹೆಗಲಿಗೆ ಬಡಿದು ನಿಂತಿತು. ಬೈಗುಳವೂ ನಿಂತಿತು.

"ಅಯ್ಯೋ ದೇವರೇ" ಎಂದಳು ನೋಲಾ.

ಆಮೇಲೆ ಅವಳು ಒಂದು ಮಾತೂ ವ್ಯರ್ಥ ಮಾಡಲಿಲ್ಲ. ಸಂದಿಯಲ್ಲಿ ಮೈ ತೂರಿಸಿ ಒಳಬಂದು ಕಿಟಕಿ ತೆರೆದಳು. ಮಷೀನಿನ ಕೊಳವೆಯನ್ನು ಬೆಂಕಿಯ ಬಳಿ ತರುವಂತಿಲ್ಲ. ಅದಕ್ಕೆ ಅವನನ್ನೇ ಚಾಪೆಯ ಮೇಲೆ ಹೊರಳಿಸಿ ಪಡಸಾಲೆಯುದ್ದಕ್ಕೂ ಎಳೆದುಕೊಂಡು ಹೋದಳು. ಅವಳಿಗೂ ಎಪ್ಪತ್ತು ದಾಟಿತ್ತು, ಮಂಡಿ ಸವೆದಿತ್ತು. ಪ್ರತಿ ಎಳೆತಕ್ಕೂ ಒಬ್ಬರ ನರಳಾಟ ಇನ್ನೊಬ್ಬರಿಗೆ ಕೇಳುತ್ತಿತ್ತು. ಕೋಣೆಯ ಬಾಗಿಲು ಮುಚ್ಚಿ, ಮಷೀನು ಹಾಕಿ, ಕೊಳವೆ ಅವನ ಮೂಗಿಗಿಟ್ಟು ಫೋನೆತ್ತಿದಳು.

"ಆಂಬುಲೆನ್ಸು... ಬೇಡ" ಎಂದ ಡೂಗಿ. "ಒಲೆ... ನೋಡ್ತಾರೆ. ನನ್ನ... ಕರ್ಕೊಂಡು ಹೋಗ್ಬಿಡ್ತಾರೆ."

"ಬಾಯಿ ಮುಚ್ಚು. ಹೆಣವಾದ್ರೂ ಕರ್ಕೊಂಡೇ ಹೋಗ್ತಾರೆ."

ಫೋನು ಇಟ್ಟ ಮೇಲೆ ಅವಳು ನೆಲದಲ್ಲೇ ಅವನ ಪಕ್ಕ ಕುಸಿದು ಕೂತಳು.

"ದಿನಾ ನೋಡ್ತಿದ್ದೆ ಕಣೋ ನಿನ್ನ ಹೊಗೆ. ಎದ್ದ ತಕ್ಷಣ ಅದನ್ನೇ ನೋಡ್ತಿದ್ದೆ. ಇದ್ದಾನೆ ಮುದುಕ, ಇನ್ನೂ ಕೋಪದಲ್ಲಿದ್ದಾನೆ, ಸರಿ ಅಂದ್ಕೊಂಡು ಒಳಗೆ ಹೋಗ್ತಿದ್ದೆ. ಇವತ್ತೂ ಹೋದೆ. ನೀನು ಬಡಿಯೋದು ಕೇಳಿಸ್ತು, ಆದ್ರೂ ಹೋದೆ."

ಡೂಗಿ ಅವಳ ತೋಳು ಹಿಡಿದುಕೊಂಡ. ಈ ಮುದುಕಿಯನ್ನು ಇಷ್ಟು ತಿಂಗಳು ಬಿಟ್ಟಿದ್ದು ಎಂಥ ಮೂರ್ಖತನ ಎಂದು ಅವನಿಗೆ ಅಳು ಬಂತು, ಅತ್ತ.

ಆಂಬುಲೆನ್ಸಿನಲ್ಲಿ ಬಂದದ್ದು ಗಟ್ಟಿಮುಟ್ಟಾದ ಹೆಂಗಸೊಬ್ಬಳು, ಜತೆಗೊಬ್ಬ ಡ್ರೈವರು. ಮುಖಕ್ಕೆ ಮಾಸ್ಕು ಹಾಕಿ, ಕಾಲಿಗೆ ಪಟ್ಟಿ ಬಿಗಿದು, ಸ್ಟ್ರೆಚರಿನ ಮೇಲೆ ಮಲಗಿಸಿದರು. ಹೊರಡುವ ಮುಂಚೆ ಆ ಹೆಂಗಸು ಅಡುಗೆಮನೆಗೆ ಇಣುಕಿ ಬಂದಳು. ಮುಖ ಗಂಭೀರವಾಗಿತ್ತು.

"ಆಕ್ಸಿಜನ್ ಇರೋ ಮನೇಲಿ ಒಲೆ ಉರೀತಾ ಇದೆ. ಯಾರು ಹಚ್ಚಿದ್ದು?"

ಡೂಗಿ ನೋಲಾಳತ್ತ ನೋಡಲಿಲ್ಲ. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ನರ್ಸಿಗೂ ಅದನ್ನೇ ಹೇಳಿದ್ದಳಲ್ಲ.

"ನಾನು" ಎಂದಳು ನೋಲಾ.

"ನೀವಾ?"

"ನಾನೇ. ಬಂದೆ, ಬಿದ್ದಿದ್ದ, ಚಳಿ ಇತ್ತು, ಹಚ್ಚಿದೆ."

"ಒಲೇಲಿ ಬೂಟು ಸುಡ್ತಾ ಇದೆ, ಮೇಡಂ."

"ಅದೂ ನಾನೇ. ಹಳೇದು. ನಾರ್ತಿತ್ತು."

ಡ್ರೈವರು ಕೆಮ್ಮಿದ. ನೋಲಾಳ ಕುತ್ತಿಗೆ, ಕಿವಿ, ಹಣೆ ಎಲ್ಲ ಕೆಂಪಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಅದು. ಆದರೂ ಅವಳು ಆ ಹೆಂಗಸಿನ ಕಣ್ಣಿಗೆ ಕಣ್ಣಿಟ್ಟು ನಿಂತಿದ್ದಳು.

ತೆಪ್ಪಗಿದ್ದಿದ್ದರೆ ಡೂಗಿಗೆ ಮನೆ ಉಳಿಯುತ್ತಿತ್ತು. ಮತ್ತೆ ಬೆಳಿಗ್ಗೆ ಮಷೀನು ಆರಿಸಿ ಒಲೆ ಹಚ್ಚಬಹುದಿತ್ತು. ಬೀದಿಗೆ ಹೊಗೆ ಕಾಣುತ್ತಿತ್ತು, ನೋಲಾಗೂ ಕಾಣುತ್ತಿತ್ತು. ಮುಂದಿನ ಸಲ ಬಿದ್ದಾಗಲೂ ಕಾಣುತ್ತಿತ್ತು.

ಅವನು ಮಾಸ್ಕು ಕಿತ್ತ.

"ಸುಳ್ಳು... ಹೇಳ್ತಿದ್ದಾಳೆ. ನಾನೇ... ಹಚ್ಚಿದ್ದು. ದಿನಾ... ಹಚ್ತೀನಿ."

"ಹಾಕ್ಕೊಳ್ಳಿ ಮಾಸ್ಕು!" ಎಂದಳು ಆಂಬುಲೆನ್ಸಿನವಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಹಾಗಿದ್ರೆ ನಾನಿದನ್ನ ತಿಳಿಸಲೇಬೇಕು. ವಾಪಸ್ ಈ ಮನೆಗೆ ಬಿಡ್ತಾರೋ ಇಲ್ವೋ ನನಗೆ ಗೊತ್ತಿಲ್ಲ" ಎಂದಳು.

"ತಿಳಿಸಿ" ಎಂದ ಡೂಗಿ.

ಸ್ಟ್ರೆಚರು ಗಾಡಿಗೆ ಏರಿತು. ನೋಲಾ ಮಸಿಯಾದ ಏಪ್ರನ್ನಿನಲ್ಲೇ ಅದರ ಹಿಂದೆ ಹತ್ತಿ, ಯಾರನ್ನೂ ಕೇಳದೆ ಅವನ ಪಕ್ಕದ ಸೀಟಿನಲ್ಲಿ ಕೂತಳು. ಬಾಗಿಲು ಮುಚ್ಚುವವರೆಗೂ ಹಲ್ಲು ಕಚ್ಚಿಕೊಂಡಿದ್ದವಳು ಆಮೇಲೆ ಅವನ ಕೈಗೆ ಫಟ್ಟನೆ ಒಂದು ಏಟು ಕೊಟ್ಟಳು.

"ಹುಟ್ಟಿದಾಗಿಂದ ಒಂದೇ ಒಂದು ಸುಳ್ಳು ಹೇಳಿದ್ದೆ ಕಣೋ. ಅದೂ ನಿನಗೋಸ್ಕರ. ಅದನ್ನೂ ಹಾಳು ಮಾಡಿದ್ಯಲ್ಲೋ, ಮುಂಡೇದೇ!"

ಏಟು ಕೊಟ್ಟ ಕೈಯನ್ನು ಅವಳು ವಾಪಸ್ ತೆಗೆದುಕೊಳ್ಳಲಿಲ್ಲ.