ಗೋಡೆಯಾಚೆಯ ಕೈಗಳು

“ಮೆಟ್ಲು ಅತ್ಬ್ಯಾಡ್ರುಲಾ ಅಂತ ಎಷ್ಟು ಸಲ ಬೊಗಳ್ಬೇಕು? ಅಲ್ಲೇ ನಿಂತ್ಕಂಡು ಕೇಳುಸ್ಕಳಿ. ಕಿವಿ ಸತ್ತೋಗವಾ?”

ಪಂಚಾಯಿತಿ ಅಧ್ಯಕ್ಷ ಚಲುವರಾಜು ಗುಡಿಯ ಮಂಟಪದಿಂದಲೇ ಕೂಗಿದ. ಗ್ರಾಮಸಭೆ ಅಂದರೆ ಊರಿನ ಎಲ್ಲರ ಸಭೆಯಂತೆ. ಅದನ್ನು ಗುಡಿಯೊಳಗೆ ಇಟ್ಟುಕೊಂಡರೆ ನಮ್ಮ ಕೇರಿಯವರು ಎಲ್ಲಿ ಕೂರಬೇಕು? ಮೋಟು ಗೋಡೆಯಾಚೆ ಬಿಸಿಲಲ್ಲಿ ನಿಂತೆವು. ಫ್ಯಾನು ಒಳಗೆ, ಮೈಕು ಒಳಗೆ, ಉಪ್ಪಿಟ್ಟೂ ಒಳಗೆ.

ನಾವು ಬಂದದ್ದು ನಮ್ಮ ಸ್ಮಶಾನಕ್ಕಾಗಿ. ಅಲ್ಲಿ ಊರ ಕಸ ಸುರಿಯುವ ಘಟಕ ಕಟ್ಟುತ್ತಾರೆ ಅಂತ ಸುದ್ದಿ ಹಬ್ಬಿತ್ತು. ನನ್ನ ಓರಗಿತ್ತಿ ಚಿಕ್ಕಬೋರಮ್ಮ ಮಗಳನ್ನು ಅಲ್ಲಿ ಮಣ್ಣು ಮಾಡಿ ಇನ್ನೂ ವರ್ಷ ತುಂಬಿಲ್ಲ. ನಾವು ನಾಗಮಂಗಲಕ್ಕೆ ಹೋಗಿ ತಾಲ್ಲೂಕು ಕಚೇರಿಯ ಸಾಹೇಬರೊಬ್ಬರ ಕಾಲು ಹಿಡಿದಾಗ ಅವರು, “ಓಟು ಹಾಕಿ ಸುಮ್ಮನೆ ಕೂತರೆ ಆಗಲ್ಲಮ್ಮ. ಗ್ರಾಮಸಭೇಲಿ ಕೈ ಎತ್ತಿ ಮಾತಾಡಿ, ಅದು ನಿಮ್ಮ ಹಕ್ಕು” ಅಂದಿದ್ದರು. ನಾವೂ ಪೆದ್ದುಗಳು, ಹಕ್ಕು ಅಂದದ್ದೇ ತಡ, ಕೂಲಿ ಬಿಟ್ಟು ಓಡಿಬಂದಿದ್ದೆವು.

ಮಂಟಪದಲ್ಲಿ ಪಂಚಾಯಿತಿ ಅಧಿಕಾರಿ ಪಿಡಿಒ ಏನೋ ಓದುತ್ತಿದ್ದ. ಫ್ಯಾನಿನ ಸದ್ದಿನಲ್ಲಿ ‘ಸ್ಮಶಾನ’ ಅನ್ನುವ ಮಾತೊಂದು ಮಾತ್ರ ನಮ್ಮ ಕಿವಿಗೆ ಬಿತ್ತು.

“ನಮ್ದೇ ಬಂತು. ಎತ್ರಪ್ಪ ಎಲ್ಲಾರೂ ಕೈಯ” ಅಂದಳು ಚಿಕ್ಕಬೋರಮ್ಮ.

ಎತ್ತಿದೆವು. ಯಾರೂ ನಮಗೆ ‘ಮಾತಾಡಿ’ ಅನ್ನಲಿಲ್ಲ. ತೋಳು ಸೋತರೂ ಇಳಿಸಲಿಲ್ಲ. ಪಂಚಾಯಿತಿ ಜವಾನ ನಾಗರಾಜು ಗೋಡೆ ಹತ್ತಿರ ಬಂದು ಮೊಬೈಲಿನಲ್ಲಿ ನಮ್ಮ ಫೋಟೊ ಹೊಡೆದುಕೊಂಡ. ಒಳಗೆ ಚಪ್ಪಾಳೆ ಬಿತ್ತು.

“ಅದ್ಯಾಕಪ್ಪ ಚಪ್ಪಾಳೆ?” ಅಂತ ಅವನನ್ನೇ ಕೇಳಿದೆ.

“ಕಸದ ಘಟಕಕ್ಕೆ ಒಪ್ಪಿರೋರು ಕೈ ಎತ್ತಿ ಅಂದ್ರು ಕಣಕ್ಕ. ಎಲ್ಲಾರ್ಗಿಂತ ಮೊದ್ಲು ನೀವೇ ಎತ್ತಿದ್ರಲ್ಲ.”

ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಬೋರಮ್ಮ ಮೆಟ್ಟಿಲು ಹತ್ತಿ ಮಂಟಪದ ನಡುವೆ ನಿಂತಿದ್ದಳು.

“ನಾವು ಮಾತಾಡಕೆ ಎತ್ತಿದ್ದು ಕಣ್ರಯ್ಯ ಕೈಯ. ನನ್ ಮಗಿನ ಎದೆ ಮ್ಯಾಲೆ ನಿಮ್ ಹೇಲು ಕಸ ಸುರೀತೀರಾ, ಸೂಳೆಮಕ್ಳಾ? ಒಪ್ಪಕಿಲ್ಲ ಅಂತ ಬರ್ಕಳಿ.”

“ಸಭೆ ಮುಗೀತು, ಇಳಿಯಮ್ಮಿ ಕೆಳಕ್ಕೆ” ಅಂದ ಚಲುವರಾಜು. “ಫೋಟೋಲಿ ನಿನ್ ಕೈಯೇ ಮುಂದ್ಗಡೆ ಅದೆ.”

“ಮಂಟಪವೆಲ್ಲ ಮೈಲಿಗೆ ಆಯ್ತಲ್ರೀ” ಅನ್ನುತ್ತ ಅರ್ಚಕ ಶ್ರೀನಿವಾಸಮೂರ್ತಿ ನೀರಿನ ಪೈಪು ಎಳೆದು ತಂದರು. ಊರಿನವರು ಕುರ್ಚಿ ಎತ್ತಿಕೊಂಡು ಇಳಿದುಹೋದರು. ಚಿಕ್ಕಬೋರಮ್ಮ ಅಲ್ಲೇ ಕೂತಳು. ನೀರು ಮೊದಲು ಕಲ್ಲಿನ ಮೇಲೆ ಬಿತ್ತು, ಆಮೇಲೆ ಅವಳ ತಲೆಯ ಮೇಲೆ. ನಾನು ಗೋಡೆ ಹಿಡಿದು ಅಳುತ್ತಿದ್ದೆ. ಅವಳು ಅಳಲಿಲ್ಲ.

“ತೊಳೀರಿ ಸ್ವಾಮಿ, ಚೆಂದಾಗಿ ತೊಳೀರಿ. ತೊಳೆದಾದ್ಮ್ಯಾಲೆ ಆ ಪಿಡಿಒನ ಕರೀರಿ. ಒಪ್ಪಕಿಲ್ಲ ಅಂತ ಬರ್ಕಳಗಂಟ ನಾ ಏಳಕಿಲ್ಲ.”

ಪಿಡಿಒ ಕಾರು ಆಗಲೇ ನಾಗಮಂಗಲದ ರಸ್ತೆ ಹಿಡಿದಿತ್ತು.